ಕಾಲೇಜು ಸಿಬ್ಬಂದಿಗೆ ಲೈಂಗಿಕ ಕಿರುಕುಳ ತಡೆ ತರಬೇತಿ: ಯಾವುದು ಮೊದಲು, ಯಾವುದು ಆಮೇಲೆ

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಕಾಲೇಜುಗಳಿಂದ ನನಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ವರ್ಷಾವರ್ಷ ಕಾರ್ಯಾಗಾರ ಮಾಡ್ತೀವಿ ಮೇಡಂ, ಆದ್ರೂ ಏನೂ ಬದಲಾಗ್ತಿಲ್ಲ. ಎಲ್ಲಿ ತಪ್ಪುತ್ತಿದೀವಿ?" ಅವರು ಕಳಿಸುವ ಫೋಟೋದಲ್ಲೇ ಅರ್ಧ ಉತ್ತರ ಇರುತ್ತದೆ. ಪ್ರಾರ್ಥನೆ, ದೀಪ, ಗಿಡಕ್ಕೆ ನೀರು, ಶಾಲು, ವಕೀಲರ ಒಂದೂವರೆ ಗಂಟೆ ಭಾಷಣ, ವಂದನಾರ್ಪಣೆ, ಮಂಡಕ್ಕಿ ಮಿರ್ಚಿ. ಮುಂದಿನ ಸಾಲಿನಲ್ಲಿ ಪ್ರಾಧ್ಯಾಪಕರು. ಹಾಸ್ಟೆಲ್ ವಾರ್ಡನ್ ಬಂದಿಲ್ಲ, ಗೇಟಿನ ಸೆಕ್ಯುರಿಟಿಯವರಿಲ್ಲ, ಬಸ್ ಡ್ರೈವರ್ ಇಲ್ಲ. ಅಟೆಂಡರ್ ಕುರ್ಚಿ ಜೋಡಿಸಿ ಹೊರಗೆ ನಿಂತಿದ್ದಾರೆ. ತೊಂದರೆಯಾದ ಹುಡುಗಿ ಮೊದಲು ಬಾಯಿ ಬಿಡುವುದು ಎಷ್ಟೋ ಸಲ ಇವರಲ್ಲೇ ಒಬ್ಬರ ಹತ್ತಿರ.

ಇದನ್ನು ಬರೆಯುತ್ತಿರುವುದು ಪ್ರಿನ್ಸಿಪಾಲರಿಗೆ, ಆಂತರಿಕ ದೂರು ಸಮಿತಿಯ ಅಧ್ಯಕ್ಷೆಯರಿಗೆ, ಕಾಲೇಜಿನ ಗುಣಮಟ್ಟ ನೋಡಿಕೊಳ್ಳುವ ಐಕ್ಯೂಎಸಿ ಘಟಕದ ಸಂಯೋಜಕರಿಗೆ. ಆಂತರಿಕ ದೂರು ಸಮಿತಿ ಅಂದರೆ ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಸಂಸ್ಥೆಯ ಸಮಿತಿ. ಅದನ್ನು ಎಲ್ಲರೂ ಐಸಿಸಿ ಅಂತಲೇ ಕರೆಯುವುದರಿಂದ ನಾನೂ ಹಾಗೇ ಬರೆಯುತ್ತೇನೆ. ಹಂತಗಳ ಕ್ರಮ ಬದಲಿಸಬೇಡಿ. ತರಬೇತಿ ಕೆಡುವುದು ಬಹುಪಾಲು ಕ್ರಮ ತಪ್ಪಿದ್ದರಿಂದ. ಸಮಿತಿ ಸರಿಯಿಲ್ಲದೆ "ಧೈರ್ಯವಾಗಿ ದೂರು ಕೊಡಿ" ಎಂದು ಸಾರಿದರೆ, ಮೊದಲು ಬಂದ ಹುಡುಗಿಯೇ ಪೆಟ್ಟು ತಿನ್ನುತ್ತಾಳೆ. ಅವಳ ಪಾಡು ನೋಡಿದ ಮೇಲೆ ಎರಡನೆಯವಳು ಬರುವುದೇ ಇಲ್ಲ.

## ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದ್ದು

ಪ್ರೊಜೆಕ್ಟರ್, ಬ್ಯಾನರ್ ಬೇಕಿಲ್ಲ. ಬೇಕಾದ್ದು ಇಷ್ಟು:

- ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2015ರ ನಿಯಮಾವಳಿಯ ಒಂದು ಪ್ರತಿ. ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಲೈಂಗಿಕ ಕಿರುಕುಳ ತಡೆಯುವ ಬಗ್ಗೆ ಇರುವ ಈ ನಿಯಮ 2016ರ ಮೇ ತಿಂಗಳಲ್ಲಿ ಅಧಿಸೂಚನೆಯಾಯಿತು. ಜೊತೆಗೆ ಕೆಲಸದ ಜಾಗದಲ್ಲಿ ಮಹಿಳೆಯರಿಗೆ ಆಗುವ ಲೈಂಗಿಕ ಕಿರುಕುಳ ತಡೆಯುವ 2013ರ ಪಾಶ್ ಕಾಯ್ದೆಯ ಪ್ರತಿ.
- ಸಂಸ್ಥೆಯಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರ ಪಟ್ಟಿ. ಸಂಬಳದ ಪಟ್ಟಿ ಸಾಲದು. ಅತಿಥಿ ಉಪನ್ಯಾಸಕರು, ಹೊರಗುತ್ತಿಗೆ ಸ್ವಚ್ಛತೆಯವರು, ಕ್ಯಾಂಟೀನಿನವರು, ಹಾಸ್ಟೆಲ್ ಅಡುಗೆಯವರು ಅದರಲ್ಲಿ ಇರುವುದಿಲ್ಲ.
- ಬಾಗಿಲು ಹಾಕಿದರೆ ಮಾತು ಹೊರಗೆ ಕೇಳದ ಒಂದು ಕೋಣೆ, 20-25 ಕುರ್ಚಿ.
- ಒಂದೇ ಹಾಳೆಯ ಕನ್ನಡ ಸೂಚನಾಪತ್ರ. ಅದರಲ್ಲಿ ಏನಿರಬೇಕು ಎಂಬುದು 4ನೇ ಹಂತದಲ್ಲಿದೆ.
- ಬೀಗ ಇರುವ ಒಂದು ಕಪಾಟು. ಬೀಗದ ಕೈ ಅಧ್ಯಕ್ಷೆಯ ಬಳಿ.

ಸಮಯದ ಬಗ್ಗೆ ಒಂದು ಮಾತು. ಮಾರ್ಚ್ 8ಕ್ಕೆ ಇಟ್ಟುಕೊಳ್ಳಬೇಡಿ. ಅವತ್ತು ಸೀರೆ, ರಂಗೋಲಿ, ಭಾಷಣದ ನಡುವೆ ವಿಷಯ ತೇಲಿ ಹೋಗುತ್ತದೆ. ಹೊಸ ವಿದ್ಯಾರ್ಥಿಗಳು ಬಂದು ಕೂರುವ ಮೊದಲಿನ ವಾರಗಳೇ ಸರಿ.

## ಹಂತ 1: ಸಮಿತಿ ಕಾಗದದಲ್ಲಿದೆಯಾ, ನಿಜವಾಗಿಯೂ ಇದೆಯಾ ನೋಡಿ

ನೋಟಿಸ್ ಬೋರ್ಡಿನಲ್ಲಿರುವ ಪಟ್ಟಿಯನ್ನು ನಿಯಮದ ಪಕ್ಕ ಇಟ್ಟು ಓದಿ. ಅಧ್ಯಕ್ಷೆ ಹಿರಿಯ ಮಹಿಳಾ ಬೋಧಕಿಯಾಗಿರಬೇಕು. ವಿಶ್ವವಿದ್ಯಾಲಯದಲ್ಲಾದರೆ ಪ್ರೊಫೆಸರ್, ಕಾಲೇಜಿನಲ್ಲಾದರೆ ಅಸೋಸಿಯೇಟ್ ಪ್ರೊಫೆಸರ್ ಹುದ್ದೆಗಿಂತ ಕೆಳಗಿನವರು ಆಗುವಂತಿಲ್ಲ. ಇಬ್ಬರು ಬೋಧಕರು, ಇಬ್ಬರು ಬೋಧಕೇತರರು. ವಿದ್ಯಾರ್ಥಿಗಳಿಗೆ ಸಂಬಂಧಿಸಿದ ದೂರಾದರೆ ಮೂವರು ವಿದ್ಯಾರ್ಥಿಗಳು ಸೇರಬೇಕು. ಅವರನ್ನು ಪಾರದರ್ಶಕವಾಗಿ ಚುನಾಯಿಸಬೇಕು, ಎಚ್‌ಓಡಿ (ವಿಭಾಗದ ಮುಖ್ಯಸ್ಥರು) ಕೈ ತೋರಿಸಿ ಆರಿಸುವಂತಿಲ್ಲ. ಮಹಿಳೆಯರ ವಿಷಯದಲ್ಲಿ ಕೆಲಸ ಮಾಡಿರುವ ಹೊರಗಿನ ಒಬ್ಬ ಸದಸ್ಯರು ಇರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರು. ಅವಧಿ 3 ವರ್ಷ.

ಹೆಚ್ಚು ತಪ್ಪುವುದು ಎಲ್ಲಿ ಅಂದ್ರೆ, ಯಾರು ಇರಬಾರದು ಎಂಬಲ್ಲಿ. ಕುಲಪತಿ, ಕುಲಸಚಿವರು, ಡೀನ್, ವಿಭಾಗದ ಮುಖ್ಯಸ್ಥರು ಐಸಿಸಿಯಲ್ಲಿ ಕೂರುವಂತಿಲ್ಲ. ಆಡಳಿತದಲ್ಲಿ ದೊಡ್ಡ ಸ್ಥಾನದಲ್ಲಿರುವವರು ಸಮಿತಿಯಿಂದ ದೂರ ಇರಬೇಕು ಎಂಬುದೇ ನಿಯಮದ ಉದ್ದೇಶ. ನಮ್ಮಲ್ಲಿ "ಪ್ರಿನ್ಸಿಪಾಲರಿಲ್ಲದೆ ಸಮಿತಿಗೆ ಏನು ತೂಕ" ಅಂತ ಮೊದಲ ಹೆಸರಾಗಿ ಅವರದ್ದೇ ಬರೆದಿರುತ್ತಾರೆ. ಹೊರಗಿನ ಸದಸ್ಯರು ಕೂಡ ಆಡಳಿತ ಮಂಡಳಿಗೆ ಬೇಕಾದವರೇ ಆಗಿರುತ್ತಾರೆ. ಇವೆರಡನ್ನೂ ಸರಿಮಾಡದೆ ಮುಂದಕ್ಕೆ ಹೋಗಬೇಡಿ.

ಆಮೇಲೆ ಒಂದು ಸಣ್ಣ ಪರೀಕ್ಷೆ ಮಾಡಿ. ಬೋರ್ಡಿನಲ್ಲಿರುವ ನಂಬರಿಗೆ ಸಂಜೆ 7 ಗಂಟೆಗೆ ಫೋನ್ ಮಾಡಿ. ಯಾರೂ ಎತ್ತಲಿಲ್ಲ, ಅಥವಾ ನಿವೃತ್ತರಾದವರು ಎತ್ತಿದರು ಅಂದರೆ ತರಬೇತಿಯ ದಿನಾಂಕ ಮುಂದಕ್ಕೆ ಹಾಕಿ.

## ಹಂತ 2: ಮೊದಲ ತರಬೇತಿ ಸಮಿತಿಗೇ

ಸದಸ್ಯರಿಗೆ ಎರಡು ಇಡೀ ದಿನ ಬೇಕು. ಮೊದಲ ದಿನ ಓದು, ಎರಡನೇ ದಿನ ಅಭ್ಯಾಸ.

ಓದಿನಲ್ಲಿ ಗಡುವುಗಳೇ ಮುಖ್ಯ. ಘಟನೆಯಾದ 3 ತಿಂಗಳೊಳಗೆ ಲಿಖಿತ ದೂರು. ಕಿರುಕುಳ ಸರಣಿಯಾಗಿ ನಡೆದಿದ್ದರೆ ಕೊನೆಯ ಘಟನೆಯಿಂದ ಎಣಿಕೆ. ಕಾರಣ ಬರೆದಿಟ್ಟು ಇನ್ನೂ 3 ತಿಂಗಳು ಕೊಡಬಹುದು. ದೂರು ಕೊಡುವವಳಿಗೆ ಬರೆಯಲು ಆಗದಿದ್ದರೆ ಬರೆಯಲು ನೆರವಾಗುವುದು ಸದಸ್ಯರ ಕರ್ತವ್ಯ. ದೂರಿನ ಪ್ರತಿ 7 ದಿನದೊಳಗೆ ಆರೋಪ ಹೊತ್ತವರಿಗೆ ತಲುಪಬೇಕು. ಅವರಿಗೆ ಉತ್ತರ ಕೊಡಲು 10 ದಿನ. ವಿಚಾರಣೆ 90 ದಿನದೊಳಗೆ ಮುಗಿಯಬೇಕು, ಮುಗಿದ 10 ದಿನದೊಳಗೆ ವರದಿ ಸಲ್ಲಿಸಬೇಕು. ಮೇಲ್ಮನವಿ ಬರದಿದ್ದರೆ, ವರದಿ ತಲುಪಿದ 30 ದಿನದೊಳಗೆ ಆಡಳಿತ ಕ್ರಮ ಕೈಗೊಳ್ಳಬೇಕು. ಇದನ್ನೆಲ್ಲ ದೊಡ್ಡ ಹಾಳೆಯಲ್ಲಿ ಬರೆದು ಸಮಿತಿ ಕೋಣೆಯ ಗೋಡೆಗೆ ಅಂಟಿಸಿ.

ಗಡುವಿದೆ ಅಂತ ಓಡಬೇಡಿ. 2023ರ ಮೇ 12ರಂದು ಸುಪ್ರೀಂ ಕೋರ್ಟ್ ಗೋವಾ ವಿಶ್ವವಿದ್ಯಾಲಯದ ಒಂದು ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ಪ್ರತಿ ಸಮಿತಿಯೂ ಓದಬೇಕು. ವಿದ್ಯಾರ್ಥಿನಿಯರು ದೂರು ಕೊಟ್ಟಿದ್ದು 2009ರಲ್ಲಿ. ಸಮಿತಿ ಅವಸರವಾಗಿ ವಿಚಾರಣೆ ನಡೆಸಿ, ಆರೋಪ ಹೊತ್ತವರಿಗೆ ತಮ್ಮ ಮಾತು ಹೇಳಲು ಸರಿಯಾದ ಅವಕಾಶ ಕೊಟ್ಟಿರಲಿಲ್ಲ. ಹದಿನಾಲ್ಕು ವರ್ಷದ ನಂತರ ಆ ಕ್ರಮ ರದ್ದಾಗಿ ಪ್ರಕರಣ ಮತ್ತೆ ಸಮಿತಿಗೇ ವಾಪಸ್ ಬಂತು. ಸಮಿತಿಯ ಅವಸರಕ್ಕೆ ದೂರು ಕೊಟ್ಟವರು ಬೆಲೆ ತೆತ್ತರು. ನಿಧಾನ ಮಾಡಿದರೂ ಅವರೇ ತೆರಬೇಕು. ಎರಡನ್ನೂ ತಪ್ಪಿಸುವುದನ್ನು ಕಲಿಯಲಿಕ್ಕೇ ಎರಡು ದಿನ.

ಅಭ್ಯಾಸದ ದಿನ ಒಂದು ಕಲ್ಪಿತ ದೂರು ತೆಗೆದುಕೊಂಡು ಮೊದಲಿಂದ ಕೊನೆವರೆಗೆ ನಡೆಸಿ. ಪತ್ರ ಬರೆಯಿರಿ, ನೋಟಿಸ್ ಕಳಿಸಿ, ಹೇಳಿಕೆ ಪಡೆಯಿರಿ, ಸಹಿ ಹಾಕಿಸಿ. ಸದಸ್ಯರು ಕೇಳುವ ಪ್ರಶ್ನೆಗಳನ್ನು ಒಬ್ಬರು ಬರೆದುಕೊಳ್ಳಲಿ. ಕೊನೆಗೆ ಜೋರಾಗಿ ಓದಲಿ. "ನೀನು ಆಗಲೇ ಯಾಕೆ ಕೂಗಲಿಲ್ಲ?" ಎಂಬ ಪ್ರಶ್ನೆ ಆ ಪಟ್ಟಿಯಲ್ಲಿ ಒಂದಾದರೂ ಇರುತ್ತದೆ. ಜೋರಾಗಿ ಓದಿದಾಗ ಅದು ಹೇಗೆ ಕೇಳಿಸುತ್ತದೆ ಎಂಬುದು ಆ ಪ್ರಶ್ನೆ ಹಾಕಿದವರಿಗೇ ಗೊತ್ತಾಗುತ್ತದೆ.

ರಾಜಿ ಬಗ್ಗೆ ಸ್ಪಷ್ಟವಾಗಿರಿ. ದೂರು ಕೊಟ್ಟವಳು ತಾನಾಗಿ ಕೇಳಿದರೆ ಮಾತ್ರ ಸಂಧಾನ. ಅದಕ್ಕೆ ದುಡ್ಡು ಆಧಾರವಾಗುವಂತಿಲ್ಲ. ಊರಿನ ಹಿರಿಯರು, ಸಮಾಜದ ಮುಖಂಡರು ಬಂದು "ಕೂತು ಬಗೆಹರಿಸೋಣ" ಎಂದರೆ ಟೀ ಕೊಟ್ಟು ಕಳಿಸಿ. ಸಮಿತಿ ಕೋಣೆಯೊಳಗೆ ಮಾತ್ರ ಬಿಡಬೇಡಿ.

## ಹಂತ 3: ಸಿಬ್ಬಂದಿಯನ್ನು ಗುಂಪು ಮಾಡಿ

ಎಲ್ಲರನ್ನೂ ಆಡಿಟೋರಿಯಂಗೆ ತುಂಬಿದರೆ ಯಾರಿಗೂ ಏನೂ ತಲುಪಲ್ಲ. ನಾಲ್ಕು ಗುಂಪು ಮಾಡಿ, ಒಂದರಲ್ಲಿ 25ಕ್ಕಿಂತ ಜಾಸ್ತಿ ಜನ ಬೇಡ.

ಮೊದಲನೇ ಗುಂಪು: ವಾರ್ಡನ್, ಹಾಸ್ಟೆಲ್ ಅಡುಗೆಯವರು, ಅಟೆಂಡರ್, ಸ್ವಚ್ಛತೆಯವರು, ಲೈಬ್ರರಿ ಮತ್ತು ಲ್ಯಾಬ್ ಸಹಾಯಕರು, ಆರೋಗ್ಯ ಕೇಂದ್ರದ ನರ್ಸ್. ಎರಡನೇ ಗುಂಪು: ಸೆಕ್ಯುರಿಟಿ, ಡ್ರೈವರ್, ದೈಹಿಕ ಶಿಕ್ಷಣ ನಿರ್ದೇಶಕರು, ಎನ್‌ಎಸ್‌ಎಸ್ ಮತ್ತು ಎನ್‌ಸಿಸಿ ಅಧಿಕಾರಿಗಳು. ಮೂರನೇ ಗುಂಪು: ಬೋಧಕರು, ಅತಿಥಿ ಉಪನ್ಯಾಸಕರು, ಪಿಎಚ್‌ಡಿ ಗೈಡ್‌ಗಳು. ನಾಲ್ಕನೇ ಗುಂಪು: ಕಚೇರಿ, ಪರೀಕ್ಷಾ ವಿಭಾಗ, ಪ್ರಿನ್ಸಿಪಾಲರು. ತರಬೇತಿಯೂ ಇದೇ ಕ್ರಮದಲ್ಲಿ ನಡೆಯಲಿ.

ಮೊದಲನೇ ಗುಂಪಿನ ತರಬೇತಿಯಲ್ಲಿ ಪ್ರಿನ್ಸಿಪಾಲರು ಹತ್ತು ನಿಮಿಷ ಮಾತಾಡಿ ಎದ್ದು ಹೋಗಬೇಕು. ಅವರು ಕೂತಿದ್ದರೆ ಡಿ ಗ್ರೂಪ್‌ನವರು ತುಟಿ ಎರಡು ಮಾಡುವುದಿಲ್ಲ. ತರಬೇತಿ ಡ್ಯೂಟಿ ಸಮಯದಲ್ಲೇ ಆಗಬೇಕು. ಹೊರಗುತ್ತಿಗೆಯವರನ್ನು ರಜೆ ದಿನ ಕರೆದು ಸಂಬಳ ಕೊಡದಿದ್ದರೆ ಅವರು ಗಡಿಯಾರ ನೋಡುತ್ತಾ ಕೂರುತ್ತಾರೆ, ತಪ್ಪು ಅವರದ್ದಲ್ಲ. ಸೆಕ್ಯುರಿಟಿ ಏಜೆನ್ಸಿಯ ಕರಾರಿನಲ್ಲೇ ಈ ತರಬೇತಿಯನ್ನು ಒಂದು ಷರತ್ತಾಗಿ ಸೇರಿಸಿ. ಯುಜಿಸಿ ನಿಯಮವೂ ಅದನ್ನೇ ಕೇಳುತ್ತದೆ.

ಇನ್ನೊಂದು ವಿಷಯ ಮರೆತುಹೋಗುತ್ತದೆ. ಈ ಸಿಬ್ಬಂದಿ ಸಹಾಯ ಮಾಡುವವರಷ್ಟೇ ಅಲ್ಲ, ಇವರಲ್ಲೇ ಕಿರುಕುಳ ಅನುಭವಿಸಿದವರೂ ಇರುತ್ತಾರೆ. ಮುಂದಿನ ವರ್ಷ ಕೆಲಸ ಇರುತ್ತೋ ಇಲ್ಲವೋ ಎಂಬ ಭಯದಲ್ಲಿರುವ ಅತಿಥಿ ಉಪನ್ಯಾಸಕಿ, ಸೂಪರ್‌ವೈಸರ್ ಮರ್ಜಿಯಲ್ಲಿರುವ ಸ್ವಚ್ಛತಾ ಕೆಲಸದವರು. "ಇದು ನಿಮಗೂ ಅನ್ವಯಿಸುತ್ತದೆ, ನೀವೂ ದೂರು ಕೊಡಬಹುದು" ಎಂದು ಮೊದಲ ಐದು ನಿಮಿಷದಲ್ಲೇ ಹೇಳಿ. ಆ ಮಾತಿನ ನಂತರ ಕೋಣೆಯಲ್ಲಿ ಕೇಳುವ ರೀತಿಯೇ ಬೇರೆಯಾಗುತ್ತದೆ.

## ಹಂತ 4: ಮೊದಲ ಹತ್ತು ನಿಮಿಷ

ಇಡೀ ತರಬೇತಿಯಲ್ಲಿ ಒಂದನ್ನೇ ಉಳಿಸಿಕೊಳ್ಳಿ ಅಂದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ. ಹುಡುಗಿ ಬಂದು ನಿಂತಾಗ ಎದುರಿಗಿದ್ದವರು ಮೊದಲ ಹತ್ತು ನಿಮಿಷ ಏನು ಹೇಳುತ್ತಾರೆ, ಏನು ಮಾಡುತ್ತಾರೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

### ಹೇಳಬಾರದ ಮಾತುಗಳಿಂದ ಶುರು ಮಾಡಿ

"ಇಂಥ ಹೊತ್ತಲ್ಲಿ ನೀವು ಏನು ಹೇಳ್ತೀರಿ?" ಎಂದು ಕೇಳಿ, ಬಂದ ಉತ್ತರಗಳನ್ನು ಬೋರ್ಡಿನ ಮೇಲೆ ಹಾಗೇ ಬರೆಯಿರಿ. ಬೈಯಬೇಡಿ. ಸಾಮಾನ್ಯವಾಗಿ ಇವೇ ಬರುತ್ತವೆ:

"ನೀನು ಅಲ್ಲಿಗೆ ಯಾಕಮ್ಮ ಹೋದೆ?"
"ಆ ಸರ್ ಅಂಥವರಲ್ಲ ಬಿಡವ್ವ, ಮಗಳ ಥರ ನೋಡಿರ್ತಾರೆ."
"ಮನೇಲಿ ಗೊತ್ತಾದ್ರೆ ಓದು ಬಿಡಿಸ್ತಾರೆ, ಸುಮ್ನಿರು."
"ನಾಳೆ ಅವನನ್ನ ಕರೆಸಿ ನಿನ್ನ ಮುಂದೇನೆ ಕ್ಷಮೆ ಕೇಳಿಸ್ತೀನಿ."

ಮೊದಲ ಎರಡು ತಪ್ಪು ಅಂತ ಎಲ್ಲರಿಗೂ ಬೇಗ ಹೊಳೆಯುತ್ತದೆ. ಮೂರನೆಯದು ಕಷ್ಟ, ಯಾಕಂದ್ರೆ ಅದು ಸುಳ್ಳಲ್ಲ. ಜಗಳೂರು, ಮೊಳಕಾಲ್ಮುರು ಕಡೆಯ ಹಳ್ಳಿಗಳಿಂದ ಬರುವ ಎಷ್ಟೋ ಹುಡುಗಿಯರಿಗೆ ಕಿರುಕುಳಕ್ಕಿಂತ ದೊಡ್ಡ ಭಯ ಕಾಲೇಜು ಬಿಡಿಸಿ ಮದುವೆ ಮಾಡುತ್ತಾರೆ ಎಂಬುದು. ಆ ಭಯವನ್ನು ಅವಳ ಬಾಯಿ ಮುಚ್ಚಿಸಲು ಬಳಸಬೇಡಿ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ನಡೆದುಕೊಳ್ಳಿ. 18 ತುಂಬಿದವಳ ಮನೆಗೆ ಅವಳನ್ನು ಕೇಳದೆ ಫೋನ್ ಮಾಡಬೇಡಿ.

ನಾಲ್ಕನೆಯದು ಕೇಳಲು ಒಳ್ಳೆಯದು, ಪರಿಣಾಮ ಅತಿ ಕೆಟ್ಟದ್ದು. ಆರೋಪ ಹೊತ್ತವನಿಗೆ ಎಚ್ಚರಿಕೆ ಸಿಗುತ್ತದೆ. ಮೆಸೇಜ್‌ಗಳು ಡಿಲೀಟ್ ಆಗುತ್ತವೆ, ಅವಳ ಮೇಲೆ ಒತ್ತಡ ಶುರುವಾಗುತ್ತದೆ. ಸಮಿತಿಗೆ ವಿಷಯ ಬರುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ.

### ಹೇಳಬೇಕಾದ್ದು

ಉದ್ದದ ಮಾತು ಬೇಡ. "ಹೇಳಿದ್ದು ಒಳ್ಳೇದಾಯ್ತು." "ಇದರಲ್ಲಿ ನಿನ್ನ ತಪ್ಪಿಲ್ಲ." "ಈಗ ನಿನಗೆ ಏನು ಮಾಡಿದರೆ ಧೈರ್ಯ?" "ಇವತ್ತು ರಾತ್ರಿ ಇರೋಕೆ ಸುರಕ್ಷಿತ ಜಾಗ ಇದೆಯಾ?" ಇಷ್ಟು ಸಾಕು.

"ಯಾರಿಗೂ ಹೇಳಲ್ಲ" ಅಂತ ಆಣೆ ಮಾಡಬೇಡಿ. ಅದನ್ನು ಉಳಿಸಿಕೊಳ್ಳಲು ಆಗದ ಸಂದರ್ಭಗಳಿವೆ. ಬದಲಿಗೆ, "ಇದನ್ನ ಸುಮ್ಸುಮ್ನೆ ಯಾರ ಹತ್ರನೂ ಆಡಲ್ಲ. ಸಹಾಯ ಮಾಡೋರಿಗೆ ಹೇಳಬೇಕಾದ್ರೆ ಮೊದಲು ನಿನಗೆ ತಿಳಿಸ್ತೀನಿ" ಎನ್ನಿ.

### ಮಾಡಬೇಕಾದ್ದು, ಇದೇ ಕ್ರಮದಲ್ಲಿ

ಒಂದು, ಅವಳನ್ನು ಜನರಿಂದ ದೂರ, ಕೂರಲು ಜಾಗ ಇರುವ ಕಡೆ ಕರೆದುಕೊಂಡು ಹೋಗಿ. ನೀರು ಕೊಡಿ.

ಎರಡು, ಗಾಯ ಅಥವಾ ಲೈಂಗಿಕ ದಾಳಿ ಆಗಿದ್ದರೆ ಆಸ್ಪತ್ರೆ ಮೊದಲು, ಕಾಗದ ಆಮೇಲೆ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಚಿತ್ರದುರ್ಗದಲ್ಲಿ ಜಿಲ್ಲಾ ಆಸ್ಪತ್ರೆ. ಅತ್ಯಾಚಾರಕ್ಕೆ ಒಳಗಾದವರಿಗೆ ಸರ್ಕಾರಿ, ಖಾಸಗಿ ಯಾವ ಆಸ್ಪತ್ರೆಯಾದರೂ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು. ಎಫ್‌ಐಆರ್ ಆಗಿಲ್ಲ ಅಂತ ವಾಪಸ್ ಕಳಿಸುವಂತಿಲ್ಲ. ಸ್ನಾನ ಮಾಡದೆ, ಬಟ್ಟೆ ತೊಳೆಯದೆ ಹೋದರೆ ಸಾಕ್ಷ್ಯ ಉಳಿಯುತ್ತದೆ. ಬಟ್ಟೆ ಬದಲಿಸಿದ್ದರೆ ಅದನ್ನು ಪ್ಲಾಸ್ಟಿಕ್ ಬಿಟ್ಟು ಪೇಪರ್‌ನಲ್ಲಿ ಸುತ್ತಿ ತೆಗೆದುಕೊಂಡು ಹೋಗಿ. ಗರ್ಭ ತಡೆಯುವ ಮಾತ್ರೆ, ಎಚ್‌ಐವಿ ತಡೆ ಔಷಧಿ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಸ್ನಾನ ಮಾಡಿಬಿಟ್ಟಿದ್ದರೂ ಹೋಗಲೇಬೇಕು.

ಮೂರು, ಅವಳ ಮಾತನ್ನು ಅವಳ ಮಾತಲ್ಲೇ ನಾಲ್ಕು ಸಾಲು ಬರೆದುಕೊಳ್ಳಿ. ಯಾವಾಗ, ಎಲ್ಲಿ, ಯಾರು, ಏನು. ವಿಚಾರಣೆ ನಿಮ್ಮ ಕೆಲಸ ಅಲ್ಲ. ಪ್ರಶ್ನೆ ಮೇಲೆ ಪ್ರಶ್ನೆ ಬೇಡ.

ನಾಲ್ಕು, ವಾಟ್ಸಾಪ್ ಚಾಟ್, ಕಾಲ್ ಹಿಸ್ಟರಿ ಅಳಿಸಬೇಡ ಎಂದು ಅವಳಿಗೆ ಹೇಳಿ. ಸ್ಕ್ರೀನ್‌ಶಾಟ್ ಅವಳ ಫೋನಿನಲ್ಲೇ ಇರಲಿ. ನಿಮ್ಮ ಫೋನಿಗೆ ತರಿಸಿಕೊಳ್ಳಬೇಡಿ. ಅಶ್ಲೀಲ ಚಿತ್ರವಾಗಿದ್ದರೆ, "ಸರ್‌ಗೆ ತೋರಿಸೋಕೆ" ಅಂತ ಫಾರ್ವರ್ಡ್ ಮಾಡುವುದೇ ಒಂದು ಅಪರಾಧ.

ಐದು, ಐಸಿಸಿ ಅಧ್ಯಕ್ಷೆಗೆ ಅಥವಾ ಒಬ್ಬ ಸದಸ್ಯೆಗೆ ಫೋನ್. ಎಚ್‌ಓಡಿಗೆ ಅಲ್ಲ, ಪ್ರಿನ್ಸಿಪಾಲರಿಗೂ ಅಲ್ಲ.

ಆರು, ಐಸಿಸಿ ಮತ್ತು ಪೊಲೀಸ್ ಎರಡೂ ದಾರಿ ಇವೆ, ಎರಡನ್ನೂ ಹಿಡಿಯಬಹುದು ಎಂದು ತಿಳಿಸಿ. "ಮೊದಲು ಕಾಲೇಜಲ್ಲಿ ನೋಡೋಣ, ಆಗದಿದ್ರೆ ಪೊಲೀಸ್" ಎನ್ನುವುದು ತಪ್ಪು. ಯಾವ ಠಾಣೆಯಲ್ಲಾದರೂ ಜೀರೋ ಎಫ್‌ಐಆರ್ ಹಾಕಿಸಬಹುದು. ಘಟನೆ ನಡೆದದ್ದು ಹರಿಹರದಲ್ಲಿ, ನಮ್ಮ ವ್ಯಾಪ್ತಿಗೆ ಬರಲ್ಲ ಅಂತ ದಾವಣಗೆರೆ ಠಾಣೆಯವರು ಹೇಳುವಂತಿಲ್ಲ.

ಒಂದೇ ಒಂದು ಕಡೆ ಆಯ್ಕೆ ಇಲ್ಲ. ಹುಡುಗಿಗೆ 18 ತುಂಬಿಲ್ಲದಿದ್ದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಕಾಯ್ದೆ ಬರುತ್ತದೆ. ಡಿಪ್ಲೊಮಾ, ಪಿಯು ಬಿಡಿ, ಪದವಿಯ ಮೊದಲ ಸೆಮಿಸ್ಟರ್‌ನಲ್ಲೂ 17ರ ಮಕ್ಕಳು ಇರುತ್ತಾರೆ. ಆಗ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತನ್ನ ಕೈಕೆಳಗಿನವರು ಮಾಡಿದ್ದನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ 1 ವರ್ಷದವರೆಗೆ ಜೈಲು ಆಗಬಹುದು. ವಾರ್ಡನ್‌ಗಳಿಗೆ ಇದನ್ನು ಎರಡು ಸಲ ಹೇಳಿ.

### ಬಾಯಲ್ಲಿ ಹೇಳಿಸಿ, ಮಾಡಿಸಿ

ಮೂವರ ಗುಂಪು ಮಾಡಿ. ಒಬ್ಬರು ಹುಡುಗಿ, ಒಬ್ಬರು ಕೇಳುವವರು, ಒಬ್ಬರು ನೋಡುವವರು. ಐದು ನಿಮಿಷ ಮಾಡಿ ಪಾತ್ರ ಬದಲಿಸಿ. ಸನ್ನಿವೇಶ ನಿಮ್ಮ ಕ್ಯಾಂಪಸ್ಸಿನದ್ದೇ ಇರಲಿ. ರಾತ್ರಿ ಹತ್ತಕ್ಕೆ ಹಾಸ್ಟೆಲ್ ಅಡುಗೆಮನೆ ಬಾಗಿಲಲ್ಲಿ ನಿಂತು ಅಳುವವಳು. ಲೈಬ್ರರಿಯಲ್ಲಿ ಪುಸ್ತಕ ವಾಪಸ್ ಕೊಡುತ್ತಾ "ಆ ಸರ್ ಇರೋ ಹೊತ್ತಲ್ಲಿ ನಾನು ಲ್ಯಾಬ್‌ಗೆ ಹೋಗಲ್ಲ" ಎನ್ನುವವಳು. ಸೀನಿಯರ್‌ಗಳು ಬಟ್ಟೆ ಬಿಚ್ಚಿಸಿ ವಿಡಿಯೋ ಮಾಡಿದರು ಎಂದು ತಲೆ ತಗ್ಗಿಸುವ ಹುಡುಗ. ಕೊನೆಯದನ್ನು ಬಿಡಬೇಡಿ. ಹುಡುಗರಿಗೆ, ಲಿಂಗತ್ವ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಆಗುವ ಹಿಂಸೆಯ ಮೇಲೂ ಸಂಸ್ಥೆ ಕ್ರಮ ಕೈಗೊಳ್ಳಬೇಕು ಎಂದು ಯುಜಿಸಿ ನಿಯಮ ಹೇಳುತ್ತದೆ.

ಮೊದಮೊದಲು ನಗು ಬರುತ್ತದೆ, ಬರಲಿ. ಎರಡನೇ ಸುತ್ತಿಗೆ ನಿಲ್ಲುತ್ತದೆ.

ಮುಗಿಸುವಾಗ ಸೂಚನಾಪತ್ರ ಕೊಡಿ. ಒಂದು ಬದಿಯಲ್ಲಿ ಮೇಲಿನ ಆರು ಹೆಜ್ಜೆ. ಇನ್ನೊಂದು ಬದಿಯಲ್ಲಿ ನಂಬರುಗಳು: ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098, ಉಚಿತ ಕಾನೂನು ನೆರವಿಗೆ 15100. ಜೊತೆಗೆ ನಿಮ್ಮ ಜಿಲ್ಲೆಯ ಮಹಿಳಾ ಪೊಲೀಸ್ ಠಾಣೆ, ಹಿಂಸೆಗೆ ಒಳಗಾದ ಮಹಿಳೆಯರಿಗೆ ನೆರವಾಗುವ ಸಖಿ ಕೇಂದ್ರ, ಐಸಿಸಿಯ ಇಬ್ಬರ ಮೊಬೈಲ್. ಅಚ್ಚು ಹಾಕಿಸುವ ಮೊದಲು ಪ್ರತಿ ನಂಬರಿಗೂ ನೀವೇ ಒಮ್ಮೆ ಫೋನ್ ಮಾಡಿ ನೋಡಿ.

## ಹಂತ 5: ಬೋಧಕರು ಮತ್ತು ಗೈಡ್‌ಗಳು

ಇವರಿಗೆ ಸೆಕ್ಷನ್‌ಗಳ ಪಟ್ಟಿ ಓದಬೇಡಿ. ಅಧಿಕಾರದ ಬಗ್ಗೆ ಮಾತಾಡಿ. ಐಎ (ಆಂತರಿಕ ಮೌಲ್ಯಮಾಪನ) ಮಾರ್ಕ್ಸ್, ಹಾಜರಾತಿ, ಪ್ರಾಜೆಕ್ಟ್, ವೈವಾ, ಶಿಫಾರಸು ಪತ್ರ. ಒಬ್ಬ ಉಪನ್ಯಾಸಕರ ಕೈಯಲ್ಲಿ ಎಷ್ಟು ಇದೆ ಎಂದು ಅವರಿಂದಲೇ ಬೋರ್ಡಿನ ಮೇಲೆ ಬರೆಸಿ. ಪಿಎಚ್‌ಡಿ ಗೈಡ್ ಆದರೆ ಪಟ್ಟಿ ದುಪ್ಪಟ್ಟು ಉದ್ದವಾಗುತ್ತದೆ. ನಾಲ್ಕೈದು ವರ್ಷ ಒಬ್ಬರ ಸಹಿಗೆ ಕಾಯುವವಳು "ಬೇಡ ಸರ್" ಎನ್ನಲು ಎಷ್ಟು ಹೆದರುತ್ತಾಳೆ ಎಂಬುದು ಆ ಪಟ್ಟಿ ನೋಡಿದಾಗ ತಾನೇ ಅರ್ಥವಾಗುತ್ತದೆ. "ಅವಳೂ ನಗ್ತಾ ಮಾತಾಡ್ತಿದ್ಲಲ್ಲ" ಎಂಬ ವಾದಕ್ಕೆ ಅದೇ ಉತ್ತರ.

ಆಮೇಲೆ ಪ್ರತಿ ವಿಭಾಗವೂ ಅರ್ಧ ಪುಟದ ನಡವಳಿಕೆ ನಿಯಮ ಬರೆಯಲಿ. ಒಬ್ಬರೇ ವಿದ್ಯಾರ್ಥಿ ಜೊತೆ ಮಾತಾಡುವಾಗ ಬಾಗಿಲು ತೆರೆದಿರಲಿ. ಮನೆಗೆ ಕರೆಯುವುದು ಬೇಡ. ಪಾಠದ ವಿಷಯ ಕ್ಲಾಸಿನ ಗ್ರೂಪ್‌ನಲ್ಲೇ ಇರಲಿ, ರಾತ್ರಿ ವೈಯಕ್ತಿಕ ಮೆಸೇಜ್ ಬೇಡ. ಗೈಡ್ ಬದಲಾಯಿಸಬೇಕು ಎನ್ನುವವರು ಕಾರಣ ಹೇಳದೆ ಯಾರನ್ನು ಕೇಳಬಹುದು ಎಂಬುದು ಬರಹದಲ್ಲಿರಲಿ.

"ಸುಳ್ಳು ದೂರು ಕೊಟ್ಟರೆ?" ಈ ಪ್ರಶ್ನೆ ಬಂದೇ ಬರುತ್ತದೆ. ತಪ್ಪಿಸಿಕೊಳ್ಳಬೇಡಿ, ನೇರವಾಗಿ ಉತ್ತರಿಸಿ. ದುರುದ್ದೇಶದಿಂದ, ಸುಳ್ಳು ಅಂತ ಗೊತ್ತಿದ್ದೇ ಕೊಟ್ಟ ದೂರಿನ ಮೇಲೆ ಕ್ರಮಕ್ಕೆ ಪಾಶ್ ಕಾಯ್ದೆಯ 14ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಆದರೆ ಆ ದುರುದ್ದೇಶ ವಿಚಾರಣೆಯಲ್ಲಿ ಸಾಬೀತಾಗಬೇಕು. ದೂರು ಸಾಬೀತಾಗಲಿಲ್ಲ ಎಂಬ ಕಾರಣಕ್ಕೆ ಅದು ಸುಳ್ಳಾಗುವುದಿಲ್ಲ. ಈ ವಾಕ್ಯವನ್ನು ಎರಡು ಸಲ ಓದಿಸಿ. ಪ್ರಶ್ನೆ ಮತ್ತೆ ಮತ್ತೆ ಬಂದು ಇಡೀ ಮಧ್ಯಾಹ್ನ ಅದರಲ್ಲೇ ಹೋಗುವ ಹಾಗಿದ್ದರೆ ಹತ್ತು ನಿಮಿಷಕ್ಕೆ ನಿಲ್ಲಿಸಿ ಮುಂದಕ್ಕೆ ಹೋಗಿ.

## ಹಂತ 6: ಗೇಟಿನ ಆಚೆ

ಕ್ಯಾಂಪಸ್ ಅಂದರೆ ಕಾಂಪೌಂಡ್ ಒಳಗೆ ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ. ಯುಜಿಸಿ ನಿಯಮದಲ್ಲಿ ಸಂಸ್ಥೆಯ ಬಸ್, ಕ್ಷೇತ್ರ ಭೇಟಿ, ಇಂಟರ್ನ್‌ಶಿಪ್, ಶಿಬಿರ, ಯುವಜನೋತ್ಸವ, ಕ್ರೀಡಾಕೂಟ ಎಲ್ಲವೂ ಸೇರುತ್ತವೆ. ಇತಿಹಾಸ ವಿಭಾಗದವರು ಚಿತ್ರದುರ್ಗದ ಕೋಟೆಗೆ ಹೋದರೂ, ಎನ್‌ಎಸ್‌ಎಸ್‌ನವರು ಸೂಳೆಕೆರೆ ಹತ್ತಿರದ ಹಳ್ಳಿಯಲ್ಲಿ ಶಿಬಿರ ಹಾಕಿದರೂ ಸಂಸ್ಥೆಯ ಹೊಣೆ ಜೊತೆಗೇ ಹೋಗುತ್ತದೆ. ಬೇರೆ ಕಾಲೇಜಿನಿಂದ ಕ್ರೀಡಾಕೂಟಕ್ಕೆ ಬಂದ ಹುಡುಗಿಗೆ ನಿಮ್ಮ ಮೈದಾನದಲ್ಲಿ ತೊಂದರೆಯಾದರೆ ಅವಳೂ ನಿಮ್ಮ ವಿದ್ಯಾರ್ಥಿನಿಯೇ. ದಾಖಲಾತಿಗೆ ಬಂದು ಇನ್ನೂ ಸೇರದವಳೂ ಅಷ್ಟೇ.

ಹಾಗಾಗಿ ಪ್ರತಿ ಪ್ರವಾಸಕ್ಕೂ ಜೊತೆಗೆ ಹೋಗುವ ಶಿಕ್ಷಕಿಯ ಹೆಸರು, ಮಲಗುವ ವ್ಯವಸ್ಥೆ, ರಾತ್ರಿ ಫೋನ್ ಎತ್ತುವವರು ಯಾರು ಎಂಬುದನ್ನು ಮೊದಲೇ ಬರೆದಿಡಬೇಕು. ಶಿಬಿರಾಧಿಕಾರಿಗಳಿಗೆ ಇದನ್ನು ನಮೂನೆಯಾಗಿ ಕೊಟ್ಟು ಅಲ್ಲೇ ತುಂಬಿಸಿ.

ಬಸ್ಸಿನ ವಿಷಯ ನಮ್ಮಲ್ಲಿ ದೊಡ್ಡದು. ದಾವಣಗೆರೆ ವಿಶ್ವವಿದ್ಯಾಲಯದ ಶಿವಗಂಗೋತ್ರಿ ಕ್ಯಾಂಪಸ್ ಇರುವುದು ಊರ ಹೊರಗೆ, ತೋಳಹುಣಸೆ ಹತ್ತಿರ. ಚನ್ನಗಿರಿ, ಹೊನ್ನಾಳಿ, ಹೊಳಲ್ಕೆರೆ, ಚಳ್ಳಕೆರೆ ಕಡೆಯ ಕಾಲೇಜು ಮಕ್ಕಳೂ ದಿನಾ ಬಸ್ಸಿಗೇ ನೇತು ಬೀಳುವವರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಹುಡುಗಿಯರಿಗೆ ಚಾರ್ಜ್ ಇಲ್ಲ, ನೂಕುನುಗ್ಗಲು ಮಾತ್ರ ಇದೆ. ಸರ್ಕಾರಿ ಬಸ್ಸಿನ ಒಳಗಿನದಕ್ಕೆ ನಿಮ್ಮ ಐಸಿಸಿ ವಿಚಾರಣೆ ಮಾಡಲಾಗದಿರಬಹುದು. ಕೊನೆಯ ತರಗತಿ ಮುಗಿಯುವ ಹೊತ್ತಿಗೂ ಬಸ್ಸಿನ ಹೊತ್ತಿಗೂ ಹೊಂದಿಕೆ ಮಾಡುವುದು, ಸ್ಟಾಪಿನಲ್ಲಿ ದೀಪ ಹಾಕಿಸುವುದು, ಡಿಪೋ ಮ್ಯಾನೇಜರಿಗೆ ಪತ್ರ ಬರೆಯುವುದು ನಿಮ್ಮ ಕೈಯಲ್ಲಿದೆ. ಸೆಕ್ಯುರಿಟಿಯವರ ಜೊತೆ ಸಂಜೆ ಕತ್ತಲಾದ ಮೇಲೆ ಗೇಟಿನಿಂದ ಸ್ಟಾಪಿನವರೆಗೆ ನಡೆದು ನೋಡಿ. ದೀಪ ಇಲ್ಲದ ಕಡೆಯೆಲ್ಲ ಗುರುತು ಹಾಕಿ.

ಇಲ್ಲೊಂದು ಎಚ್ಚರಿಕೆ. ಸುರಕ್ಷತೆ ಅಂದ ಕೂಡಲೇ ಸೆಕ್ಯುರಿಟಿ ಮತ್ತು ವಾರ್ಡನ್‌ಗಳು ಹುಡುಗಿಯರ ಮೇಲೆ ಕಣ್ಣಿಡಲು ಶುರು ಮಾಡುತ್ತಾರೆ. ಯಾರ ಜೊತೆ ಮಾತಾಡಿದಳು, ಯಾವ ಬಟ್ಟೆ ಹಾಕಿದಳು, ಎಷ್ಟೊತ್ತಿಗೆ ಬಂದಳು. ಸುರಕ್ಷತೆಯ ನೆಪದಲ್ಲಿ ಹುಡುಗರ ಹಾಸ್ಟೆಲ್‌ಗೆ ಇಲ್ಲದ ನಿಯಮವನ್ನು ಹುಡುಗಿಯರ ಹಾಸ್ಟೆಲ್‌ಗೆ ಹಾಕುವಂತಿಲ್ಲ ಎಂದು ಯುಜಿಸಿ ನಿಯಮದಲ್ಲೇ ಇದೆ. ಲೇಟಾಗಿ ಬಂದಿದ್ದಕ್ಕೆ ಬೈಗುಳ ತಿಂದವಳು, ಲೇಟಾದ ದಿನ ಆದ ತೊಂದರೆಯನ್ನು ಅದೇ ವಾರ್ಡನ್‌ಗೆ ಹೇಳುತ್ತಾಳಾ?

## ಹಂತ 7: ಕಚೇರಿ ಮತ್ತು ಪರೀಕ್ಷಾ ವಿಭಾಗ

ಗುಟ್ಟು ಸೋರುವುದು ಹೆಚ್ಚಾಗಿ ಇಲ್ಲಿಂದ. ದೂರು ಇನ್ವರ್ಡ್ ರಿಜಿಸ್ಟರ್‌ನಲ್ಲಿ ಹೆಸರು ಸಮೇತ ದಾಖಲಾಗುತ್ತದೆ, ಎಸ್‌ಡಿಎ (ಕಚೇರಿಯ ಗುಮಾಸ್ತರು) ಓದುತ್ತಾರೆ, ಮಧ್ಯಾಹ್ನದ ಊಟದ ಹೊತ್ತಿಗೆ ಇಡೀ ಕಾಲೇಜಿಗೆ ಗೊತ್ತು. ದೂರು ನೇರವಾಗಿ ಅಧ್ಯಕ್ಷೆಯ ಕೈಗೆ ಹೋಗಬೇಕು. ಕಚೇರಿಗೆ ಬಂದುಬಿಟ್ಟರೆ ಲಕೋಟೆ ತೆರೆಯದೆ ನಂಬರ್ ಮಾತ್ರ ಹಾಕಬೇಕು. ದೂರುದಾರರ, ಆರೋಪ ಹೊತ್ತವರ, ಸಾಕ್ಷಿಗಳ ಹೆಸರು ಹೊರಗೆ ಬಿಡುವುದನ್ನು ಪಾಶ್ ಕಾಯ್ದೆಯ 16ನೇ ಸೆಕ್ಷನ್ ನಿಷೇಧಿಸುತ್ತದೆ.

ಪರೀಕ್ಷಾ ವಿಭಾಗಕ್ಕೆ ಒಂದು ಬೇರೆ ಕೆಲಸವಿದೆ. ವಿಚಾರಣೆ ನಡೆಯುವಾಗ ಆರೋಪ ಹೊತ್ತವರು ದೂರು ಕೊಟ್ಟವಳ ಪರೀಕ್ಷೆ, ಮೌಲ್ಯಮಾಪನ ಮಾಡದಂತೆ ತಡೆಯಬಹುದು. ಅವಳಿಗೆ 3 ತಿಂಗಳವರೆಗೆ ರಜೆ ಕೊಡಬಹುದು. ಇಬ್ಬರಲ್ಲಿ ಒಬ್ಬರನ್ನು ಬೇರೆ ವಿಭಾಗಕ್ಕೆ ಹಾಕಬಹುದು. ಇದು ಹೇಳಲು ಸುಲಭ. ಆ ವಿಷಯಕ್ಕೆ ಕಾಲೇಜಿನಲ್ಲಿ ಇರುವುದೇ ಒಬ್ಬ ಉಪನ್ಯಾಸಕರಾದರೆ ಐಎ ಯಾರು ತಿದ್ದಬೇಕು? ಪಕ್ಕದ ಕಾಲೇಜಿನ ಯಾರನ್ನು ಕರೆಸಬೇಕು, ಪತ್ರ ಯಾರ ಸಹಿಯಲ್ಲಿ ಹೋಗಬೇಕು? ಇದನ್ನು ತರಬೇತಿಯ ದಿನವೇ ವಿಷಯವಾರು ಬರೆದಿಟ್ಟುಕೊಳ್ಳಿ. ದೂರು ಬಂದ ಮೇಲೆ ಹುಡುಕಲು ಹೊರಟರೆ ಸೆಮಿಸ್ಟರ್ ಮುಗಿದಿರುತ್ತದೆ. ವಿಭಾಗ ಬದಲಿಸುವುದಾದರೆ ಅವಳು ಕೇಳದೆ ಅವಳನ್ನು ಬದಲಿಸಬೇಡಿ.

ಪ್ರಿನ್ಸಿಪಾಲರಿಗೂ ಇದೇ ಗುಂಪಿನಲ್ಲಿ ತರಬೇತಿ. ಅವರು ಕಲಿಯಬೇಕಾದ್ದು ಮುಖ್ಯವಾಗಿ ದೂರ ಇರುವುದನ್ನು. ಖಾಸಗಿ ಸಂಸ್ಥೆಯ ಮಾಲೀಕರ ಮೇಲೇ ಅಲ್ಲಿನ ಉದ್ಯೋಗಿ ದೂರು ಕೊಡಬೇಕಾದರೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ ಎಂಬುದೂ ಸೂಚನಾಪತ್ರದಲ್ಲಿ ಇರಲಿ.

## ಹಂತ 8: ಕೆಲಸ ಆಯಿತಾ ಅಂತ ನೋಡುವುದು

ಹಾಜರಾತಿ ಪಟ್ಟಿ, ಫೀಡ್‌ಬ್ಯಾಕ್ ಫಾರಂ ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ನ ಫೈಲಿಗೆ ಸರಿ. ಅದರಿಂದ ಏನೂ ಗೊತ್ತಾಗಲ್ಲ. ಮೂರು ತಿಂಗಳ ನಂತರ ಅಡುಗೆಯವರು, ಸೆಕ್ಯುರಿಟಿ, ಅತಿಥಿ ಉಪನ್ಯಾಸಕಿ, ಡ್ರೈವರ್ ಹೀಗೆ ಕೆಲವರನ್ನು ಅಲ್ಲಲ್ಲೇ ನಿಲ್ಲಿಸಿ ಕೇಳಿ: "ಈಗ ಒಬ್ಬ ಹುಡುಗಿ ಬಂದು ಹೇಳಿದ್ರೆ ಮೊದಲು ಏನ್ ಮಾಡ್ತೀರಿ? ಯಾರಿಗೆ ಫೋನ್ ಮಾಡ್ತೀರಿ?" ಸೂಚನಾಪತ್ರ ನೋಡಿ ಹೇಳಿದರೂ ಪಾಸ್. "ಪ್ರಿನ್ಸಿಪಾಲ್ ಸಾಹೇಬ್ರಿಗೆ ಹೇಳ್ತೀನಿ" ಎಂದರೆ 4ನೇ ಹಂತ ಮತ್ತೆ ಮಾಡಬೇಕು.

ಹೊಸದಾಗಿ ಸೇರಿದವರ ಪಟ್ಟಿ ಪ್ರತಿ ಸೆಮಿಸ್ಟರ್ ತೆಗೆಯಿರಿ. ಅತಿಥಿ ಉಪನ್ಯಾಸಕರು, ಸೆಕ್ಯುರಿಟಿಯವರು ಬೇಗ ಬದಲಾಗುತ್ತಾರೆ. ಹೊಸಬರಿಗೆ ಎರಡು ಗಂಟೆಯ ಚಿಕ್ಕ ತರಬೇತಿ ಸಾಕು, ಅದರಲ್ಲಿ ಒಂದು ಗಂಟೆ ಅಭ್ಯಾಸವೇ ಇರಲಿ.

## ಏನೋ ತಪ್ಪಿದೆ ಎನ್ನುವ ಲಕ್ಷಣಗಳು

ವರ್ಷಗಟ್ಟಲೆ ದೂರು ಸೊನ್ನೆ. ಸಭೆಯಲ್ಲಿ ಇದನ್ನು ಹೆಮ್ಮೆಯಿಂದ ಹೇಳುತ್ತಾರೆ. ಸಾವಿರಾರು ಜನ ಓದುವ ಜಾಗದಲ್ಲಿ ಒಂದೂ ದೂರಿಲ್ಲ ಎಂದರೆ ದಾರಿ ಮುಚ್ಚಿದೆಯಾ ಅಂತ ಮೊದಲು ಅನುಮಾನ ಪಡಿ. ಒಳ್ಳೆಯ ತರಬೇತಿಯ ನಂತರ ದೂರು ಸ್ವಲ್ಪ ಜಾಸ್ತಿಯಾಗುವುದು ಸಹಜ. ಆಡಳಿತ ಮಂಡಳಿಗೆ ಇದನ್ನು ಮೊದಲೇ ಹೇಳಿಟ್ಟಿರಿ, ಇಲ್ಲದಿದ್ದರೆ "ನೀವು ತರಬೇತಿ ಕೊಟ್ಟು ಕಾಲೇಜಿನ ಹೆಸರು ಕೆಡಿಸಿದ್ರಿ" ಎಂಬ ಮಾತು ಬರುತ್ತದೆ.

ದೂರುಗಳೆಲ್ಲ ಒಂದೇ ದಿಕ್ಕಿನಿಂದ. ಸೆಕ್ಯುರಿಟಿಯವರ ಮೇಲೆ, ಹೊರಗಿನ ಹುಡುಗರ ಮೇಲೆ ಬರುತ್ತಿದೆ, ಕಾಯಂ ಬೋಧಕರ ಮೇಲೆ ಒಂದೂ ಇಲ್ಲ ಎಂದರೆ, ಅವರ ಮೇಲೆ ಹೇಳಲು ಹೆದರುತ್ತಿದ್ದಾರೆ.

ದೂರು ವಾಪಸ್. ವಾರದೊಳಗೆ "ತಪ್ಪು ತಿಳುವಳಿಕೆಯಾಗಿತ್ತು" ಎಂಬ ಪತ್ರ, ಅದೂ ಚೆನ್ನಾಗಿ ಟೈಪ್ ಮಾಡಿದ್ದು. ಅಧ್ಯಕ್ಷೆ ಅವಳೊಬ್ಬಳನ್ನೇ ಕೂರಿಸಿ, ಯಾರು ಬರೆಸಿದರು ಎಂದು ಕೇಳಬೇಕು.

"ನಮ್ಮವರು". ಸಮಿತಿಯಲ್ಲಿ ಯಾರಾದರೂ ಆರೋಪ ಹೊತ್ತವರ ಜಾತಿ, ಊರು, ಸಂಬಂಧದ ಮಾತು ತೆಗೆದರೆ ಆ ಸದಸ್ಯರು ಆ ವಿಚಾರಣೆಯಿಂದ ಹೊರಗಿರಬೇಕು. ದೂರು ಕೊಟ್ಟವಳು ಪರಿಶಿಷ್ಟ ಜಾತಿ ಅಥವಾ ಪಂಗಡದವಳಾಗಿದ್ದು ಆರೋಪ ಹೊತ್ತವರು ಅಲ್ಲದಿದ್ದರೆ ದೌರ್ಜನ್ಯ ತಡೆ ಕಾಯ್ದೆಯೂ ಅನ್ವಯಿಸಬಹುದು ಎಂದು ಅವಳಿಗೆ ತಿಳಿಸಬೇಕು.

ಅವಳ ಹಾಜರಾತಿ ಬೀಳುವುದು. ದೂರು ಕೊಟ್ಟ ಮೇಲೆ ಅವಳು ತರಗತಿಗೆ ಬರುವುದು ಕಡಿಮೆಯಾದರೆ ಯಾರೋ ಕಾಡುತ್ತಿದ್ದಾರೆ ಅಂತಲೇ ತಿಳಿದು ವಿಚಾರಿಸಿ. ಐಸಿಸಿಯ ಒಬ್ಬ ಸದಸ್ಯೆ ವಾರಕ್ಕೊಮ್ಮೆ ಅವಳಿಗೆ ಫೋನ್ ಮಾಡಲಿ, ಯಾವ ದಿನ ಮಾಡಿದರು ಎಂಬುದನ್ನು ಪ್ರಕರಣದ ಕಡತದಲ್ಲಿ ಬರೆದಿಡಲಿ. ಪರೀಕ್ಷಾ ಅರ್ಜಿ ತುಂಬುವ ದಿನ ಅವಳ ಅರ್ಜಿ ಹೋಗಿದೆಯಾ ಎಂದೂ ನೋಡಲಿ.